ಗಳಿಗೆ ಮತ್ತು ಗಡುವು: ಗಣಕವ್ಯವಸ್ಥೆಗಳಲ್ಲಿ ಕಾಲಸೂಚನೆಯ ಚರಿತ್ರೆ

೧

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ರಾಜಾಜಿನಗರವು ಕೈಗಾರಿಕಾ ಉಪನಗರವೆಂಬ ಕಲ್ಪನೆಯಿಂದ ಹುಟ್ಟಿದ ಬಡಾವಣೆ. ೧೯೪೯ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಇದಕ್ಕೆ ಅಸ್ತಿಭಾರವನ್ನಿಟ್ಟರು; ಅವರ ಹೆಸರೇ ಬಡಾವಣೆಯ ಹೆಸರಾಯಿತು. ೧೯೫೭ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯು ಇಲ್ಲಿಗೆ ಬಂದಿತು. ಕಾರ್ಖಾನೆಗಳ ನೆರೆಯಲ್ಲಿ ಬಾಳಿದ ಜನರಿಗೆ ಹೊತ್ತನ್ನು ತಿಳಿಸುತ್ತಿದ್ದುದು ಕೈಗಡಿಯಾರಕ್ಕಿಂತ ಹೆಚ್ಚಾಗಿ ಪಾಳಿ ಬದಲಾವಣೆಯ ಸೈರನ್ನು. ಅದು ಕೂಗಿದಾಗ ಕೆಲಸಗಾರನು ಕೈಲಿದ್ದ ಕೆಲಸವನ್ನು ನಿಲ್ಲಿಸುತ್ತಿದ್ದನು. ಪಾಳಿಯ ಗೊಡವೆಯೇ ಇಲ್ಲದ ನೆರೆಮನೆಯ ಮಗುವೂ ಎಚ್ಚರಗೊಳ್ಳುತ್ತಿತ್ತು. ಅಂದು ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ನೆಲದಲ್ಲಿ ಇಂದು ವರ್ಲ್ಡ್ ಟ್ರೇಡ್ ಸೆಂಟರ್ ಮೊದಲಾದ ಕಚೇರಿಯ ಕಟ್ಟಡಗಳು ಎದ್ದಿವೆ. ಅಲ್ಲಿ ಸೈರನ್ನಿನ ಕೂಗು ಕೇಳಿಸದು. ಆದರೆ ಅಂತಹ ಕಚೇರಿಗಳ ಒಂದೊಂದು ಗಣಕಯಂತ್ರದೊಳಗೂ ಕ್ಷಣಕ್ಷಣಕ್ಕೂ ಸಣ್ಣ ಸೈರನ್ನುಗಳು ಕೂಗುತ್ತಲೇ ಇರುತ್ತವೆ.

ಆ ಕಾಣದ ಸೈರನ್ನುಗಳ ಚರಿತ್ರೆಯೇ ಪ್ರಕೃತ ಲೇಖನದ ವಿಷಯ. ಒಂದು ಪ್ರೋಗ್ರಾಮು ‘ಇಷ್ಟು ಕಾಲ ಕಳೆದ ಮೇಲೆ ಈ ಕೆಲಸವನ್ನು ಮಾಡು’ ಎಂದು ಕರ್ನಲ್ಲಿಗೆ, ಎಂದರೆ ಗಣಕವ್ಯವಸ್ಥೆಯ ತಿರುಳಿಗೆ, ಒಪ್ಪಿಸಿ ತಾನು ಬೇರೆ ಕೆಲಸದಲ್ಲಿ ತೊಡಗುತ್ತದೆ. ಕಾಲ ಬಂದಾಗ ಕರ್ನಲ್ಲು ಅದನ್ನು ಮರಳಿ ಕರೆಯುತ್ತದೆ. ಇದನ್ನು ‘ಮರುಕರೆ’ ಎನ್ನೋಣ. ಕರೆ ಯಾವ ಗಳಿಗೆಯಲ್ಲಿ ಬರುವುದೆಂದು ಪ್ರೋಗ್ರಾಮಿಗೆ ಮುಂಚಿತವಾಗಿ ತಿಳಿದಿರುವುದಿಲ್ಲವಾದುದರಿಂದ ಇದು ಅಸಮಕಾಲಿಕವಾದ ಕರೆ. ಈ ಒಪ್ಪಂದವನ್ನು ಮಾಡಿಕೊಳ್ಳುವ ಸಂಪರ್ಕಮುಖಗಳು ಒಂದಲ್ಲ, ಹತ್ತಾರು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಕೈಪಿಡಿಗಳು ಸಾಮಾನ್ಯವಾಗಿ ಸೂಕ್ಷ್ಮತೆಯ ಅಳತೆಯನ್ನು ಮುಂದಿಟ್ಟು ಉತ್ತರಿಸುತ್ತವೆ: ಇದು ಸೆಕೆಂಡಿನದು, ಇದು ಮೈಕ್ರೋಸೆಕೆಂಡಿನದು, ಇದು ನ್ಯಾನೋಸೆಕೆಂಡಿನದು ಎಂದು. ಆದರೆ ಚರಿತ್ರೆಯನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ವಿದಿತವಾಗುತ್ತದೆ. ಕಾಯುವುದಕ್ಕೆ ಒಂದು ವೆಚ್ಚವಿದೆ; ಆ ವೆಚ್ಚವು ಎಂದೂ ಮಾಯವಾಗುವುದಿಲ್ಲ; ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವರ್ಗವಾಗುತ್ತದೆ. ಸಂಪರ್ಕಮುಖವನ್ನು ಆರಿಸುವುದೆಂದರೆ ಆ ವೆಚ್ಚವನ್ನು ಯಾರು ಹೊರಬೇಕೆಂದು ನಿರ್ಣಯಿಸುವುದು. ಇದೇ ಈ ಲೇಖನದ ಪ್ರತಿಪಾದ್ಯ.

೨

ನಮ್ಮ ನಾಡಿನ ಹಳೆಯ ಕಾಲಸಾಧನವಾದ ಗಳಿಗೆ ಬಟ್ಟಲಿನಿಂದ ಆರಂಭಿಸುವುದು ಅನುಚಿತವಾಗಲಾರದು. ‘ಘಟಿಕಾ’ ಎಂಬುದರ ತದ್ಭವವೇ ‘ಗಳಿಗೆ’. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಹರಿವಾಣದಲ್ಲಿ ತೇಲಿಬಿಟ್ಟರೆ ಅದು ಮೆಲ್ಲನೆ ತುಂಬಿ ಮುಳುಗುತ್ತದೆ. ಹಗಲಿರುಳು ಸೇರಿ ಅದು ೬೦ ಸಲ ಮುಳುಗಬೇಕೆಂದು ಸೂರ್ಯಸಿದ್ಧಾಂತವು ವಿಧಿಸುತ್ತದೆ. ಎಂದರೆ ಒಂದು ಗಳಿಗೆಗೆ ಇಂದಿನ ೨೪ ನಿಮಿಷ. ವಿವಾಹಾದಿ ಶುಭಕಾರ್ಯಗಳಲ್ಲಿ ಮುಹೂರ್ತವನ್ನು ಅರಿಯಲು ಈ ಬಟ್ಟಲನ್ನು ಬಳಸುತ್ತಿದ್ದುದು ನಮ್ಮ ಹಿರಿಯರಿಗೆ ಸುಪರಿಚಿತವಾದ ಸಂಗತಿ.

ಈ ಸಾಧನದಲ್ಲಿ ಮೂರು ಅಂಗಗಳನ್ನು ಬೇರ್ಪಡಿಸಿ ನೋಡಬಹುದು. ನೀರು ಕಾಲವನ್ನು ಅಳೆಯುತ್ತದೆ. ಬಟ್ಟಲಿನ ಅಂಚು ಗಡುವು ಮುಗಿಯಿತೆಂದು ನಿರ್ಣಯಿಸುತ್ತದೆ. ಪಕ್ಕದಲ್ಲಿ ಕುಳಿತ ಕಾವಲಿನವನು ಜಾಗಟೆಯನ್ನು ಬಾರಿಸಿ ಲೋಕಕ್ಕೆ ಸಾರುತ್ತಾನೆ. ಬಟ್ಟಲು ತಾನಾಗಿಯೇ ಮತ್ತೆ ಮೇಲೇಳುವುದಿಲ್ಲ. ಅದನ್ನು ಎತ್ತಿ, ಬರಿದುಮಾಡಿ, ಮರಳಿ ತೇಲಿಬಿಡಬೇಕು. ಊರಿನವರು ನಿಶ್ಚಿಂತೆಯಿಂದ ಮಲಗಬೇಕಾದರೆ ಒಬ್ಬನು ಎಚ್ಚರವಾಗಿರಲೇಬೇಕು.

ಬಾಬರನು ತನ್ನ ಆತ್ಮಕಥೆಯಲ್ಲಿ ಹಿಂದೂಸ್ಥಾನದ ಈ ಪದ್ಧತಿಯನ್ನು ವರ್ಣಿಸುತ್ತ ಅದರಲ್ಲಿದ್ದ ಒಂದು ಕೊರತೆಯನ್ನೂ ಗುರುತಿಸಿದ್ದಾನೆ. ರಾತ್ರಿ ಜಾಗಟೆಯ ಸದ್ದಿಗೆ ಎಚ್ಚರಗೊಂಡವನಿಗೆ ಎಷ್ಟನೆಯ ಗಳಿಗೆ ಎಂಬುದು ತಿಳಿಯುತ್ತಿತ್ತೇ ಹೊರತು ಅದು ಯಾವ ಜಾವದ ಗಳಿಗೆ ಎಂಬುದು ತಿಳಿಯುತ್ತಿರಲಿಲ್ಲ. ಆದುದರಿಂದ ಗಳಿಗೆಯ ಏಟುಗಳ ತರುವಾಯ ಸ್ವಲ್ಪ ತಡೆದು ಜಾವದ ಸಂಖ್ಯೆಯನ್ನೂ ಬಾರಿಸಬೇಕೆಂದು ಅವನು ಆಜ್ಞಾಪಿಸಿದನು. ಕರೆಯು ಬಂದರೆ ಸಾಲದು, ಅದು ಯಾವ ಕರೆ ಎಂಬುದೂ ತಿಳಿಯಬೇಕು ಎಂಬ ಈ ತತ್ತ್ವವನ್ನು ಗಣಕಶಾಸ್ತ್ರವು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೊಮ್ಮೆ ಕಂಡುಕೊಳ್ಳಬೇಕಾಯಿತು.

೩

ಇಂದಿನ ಬಹುತೇಕ ಗಣಕವ್ಯವಸ್ಥೆಗಳ ಮೂಲಪುರುಷನೆನಿಸಿದ ಯುನಿಕ್ಸ್ ಬೆಳೆದುದು ಪಿಡಿಪಿ-೧೧ ಯಂತ್ರದ ಮೇಲೆ. ಅದರ ಗಡಿಯಾರವು ಕಾಲವನ್ನು ಸಾಮಾನ್ಯವಾಗಿ ವಿದ್ಯುತ್ ಸರಬರಾಜಿನ ಆವರ್ತನದಿಂದ ಎರವಲು ಪಡೆಯುತ್ತಿತ್ತು: ಅಮೆರಿಕದಲ್ಲಿ ಸೆಕೆಂಡಿಗೆ ೬೦ ಮಿಡಿತಗಳು, ನಮ್ಮಂತಹ ದೇಶಗಳಲ್ಲಿ ೫೦. ಪ್ರತಿಯೊಂದು ಮಿಡಿತಕ್ಕೂ ಯಂತ್ರವು ತನ್ನ ಕೆಲಸವನ್ನು ನಿಲ್ಲಿಸಿ ಗಡಿಯಾರದ ಕಡೆ ಗಮನವೀಯುತ್ತಿತ್ತು.

೧೯೭೫ರ ಆರನೆಯ ಆವೃತ್ತಿಯ ಕರ್ನಲ್ಲಿನಲ್ಲಿ ಮರುಕರೆಗಳ ಒಂದು ಪಟ್ಟಿಯಿದೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದ ಪ್ರಸಿದ್ಧ ವ್ಯಾಖ್ಯಾನದಿಂದ ಅದರ ರಚನೆಯು ಜಗತ್ತಿನ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಯಿತು. ಆ ಪಟ್ಟಿಯ ಜಾಣ್ಮೆಯನ್ನು ಗಮನಿಸಬೇಕು. ಪ್ರತಿಯೊಂದು ಕರೆಗೂ ಉಳಿದಿರುವ ಒಟ್ಟು ಕಾಲವನ್ನು ಬರೆದಿಟ್ಟರೆ ಪ್ರತಿ ಮಿಡಿತಕ್ಕೂ ಎಲ್ಲ ಅಂಕಿಗಳನ್ನೂ ತಿದ್ದಬೇಕಾಗುತ್ತದೆ. ಅದಕ್ಕೆ ಬದಲಾಗಿ ಹಿಂದಿನ ಕರೆಗೂ ತನಗೂ ಇರುವ ಅಂತರವನ್ನು ಮಾತ್ರ ಬರೆದಿಟ್ಟರೆ, ಮೊದಲನೆಯ ಅಂಕಿಯೊಂದನ್ನು ಕಳೆಯುತ್ತ ಹೋದರೆ ಸಾಕು. ಹೀಗೆ ಮಿಡಿತದ ವೆಚ್ಚವು ಇಳಿಯಿತು. ಆದರೆ ಹೊಸ ಕರೆಯನ್ನು ಸೇರಿಸುವಾಗ ಅದರ ಸ್ಥಾನವನ್ನು ಪಟ್ಟಿಯುದ್ದಕ್ಕೂ ಹುಡುಕಬೇಕಾಯಿತು. ವೆಚ್ಚವು ವರ್ಗವಾದುದಕ್ಕೆ ಇದೊಂದು ಶುದ್ಧ ನಿದರ್ಶನ.

ಈ ಪಟ್ಟಿಯು ಕರ್ನಲ್ಲಿನ ಸ್ವಂತ ಉಪಯೋಗಕ್ಕೆ. ಸಾಮಾನ್ಯ ಪ್ರೋಗ್ರಾಮುಗಳ ಪಾಲಿಗೆ ದೊರೆತದ್ದು ೧೯೭೯ರ ಏಳನೆಯ ಆವೃತ್ತಿಯ ‘ಅಲಾರ್ಮ್’ ಎಂಬ ಕರೆ. ಇದು ಕಾರ್ಖಾನೆಯ ಸೈರನ್ನಿನಂತೆಯೇ ಇತ್ತು. ಒಂದು ಪ್ರಕ್ರಿಯೆಗೆ ಒಂದೇ ಅಲಾರ್ಮು; ಅಳತೆ ಸೆಕೆಂಡಿನಲ್ಲಿ; ಗಡುವು ತೀರಿದಾಗ ಬರುತ್ತಿದ್ದುದು ಒಂದು ಸಂಕೇತ, ಎಂದರೆ ಸಿಗ್ನಲ್. ಸಂಕೇತವು ಬಂದಾಗ ಪ್ರೋಗ್ರಾಮು ಏನನ್ನೇ ಮಾಡುತ್ತಿರಲಿ, ವಾಕ್ಯದ ನಡುವೆಯೇ ಪೆನ್ನನ್ನು ಕೆಳಗಿಟ್ಟು ಓಡುವಂತೆ, ಅದನ್ನು ನಿಲ್ಲಿಸಿ ಸಂಕೇತದ ಕೆಲಸಕ್ಕೆ ತೊಡಗಬೇಕಾಗಿತ್ತು.

ಇದರಿಂದ ಉಂಟಾದ ತೊಂದರೆಗಳು ಹಲವು. ಪ್ರೋಗ್ರಾಮು ಸ್ಮೃತಿಯ ಲೆಕ್ಕವನ್ನು ಅರ್ಧ ತಿದ್ದಿರುವಾಗ ಸಂಕೇತ ಬಂದು, ಆ ಸಂಕೇತದ ಕೆಲಸವೂ ಅದೇ ಲೆಕ್ಕವನ್ನು ಮುಟ್ಟಿದರೆ ಎರಡೂ ಕೆಡುತ್ತವೆ. ಆದುದರಿಂದ ಸಂಕೇತದ ಸಂದರ್ಭದಲ್ಲಿ ಸುರಕ್ಷಿತವಾಗಿ ಮಾಡಬಹುದಾದ ಕೆಲಸಗಳು ಬೆರಳೆಣಿಕೆಯಷ್ಟು ಮಾತ್ರ. ಏಳನೆಯ ಆವೃತ್ತಿಯಲ್ಲಿ ಒಂದು ಸಂಕೇತ ಬಂದೊಡನೆ ಅದಕ್ಕೆ ಏರ್ಪಡಿಸಿದ್ದ ವ್ಯವಸ್ಥೆಯು ರದ್ದಾಗುತ್ತಿತ್ತು. ಮತ್ತೆ ಏರ್ಪಡಿಸುವುದರೊಳಗೆ ಎರಡನೆಯ ಸಂಕೇತ ಬಂದರೆ ಪ್ರಕ್ರಿಯೆಯೇ ಕೊನೆಗೊಳ್ಳುತ್ತಿತ್ತು. ಅಲಾರ್ಮನ್ನು ಹೂಡಿ ತರುವಾಯ ನಿದ್ರಿಸುವ ಪ್ರೋಗ್ರಾಮಿನಲ್ಲಿ ಇನ್ನೂ ಸೂಕ್ಷ್ಮವಾದ ದೋಷವಿತ್ತು: ಯಂತ್ರವು ಇತರ ಕೆಲಸಗಳಲ್ಲಿ ಮುಳುಗಿ, ನಿದ್ರೆಗೆ ಮೊದಲೇ ಅಲಾರ್ಮು ಮೊಳಗಿಬಿಟ್ಟರೆ ಆ ನಿದ್ರೆಯಿಂದ ಏಳಿಸುವವರು ಯಾರೂ ಇಲ್ಲ. ನಿರೀಕ್ಷೆಯ ವೆಚ್ಚವನ್ನು ಕರ್ನಲ್ಲು ಹೊತ್ತಿತು, ನಿಜ. ಆದರೆ ಅಡಚಣೆಯ ವೆಚ್ಚವು ಪ್ರೋಗ್ರಾಮು ಬರೆಯುವವನ ತಲೆಯ ಮೇಲೆ ಬಿತ್ತು.

೪

ಮುಂದಿನ ಎರಡು ದಶಕಗಳಲ್ಲಿ ನಡೆದ ಸುಧಾರಣೆಗಳನ್ನು ಮೂರು ಘಟ್ಟಗಳಲ್ಲಿ ವಿವರಿಸಬಹುದು.

೧೯೮೩ರಲ್ಲಿ ಬರ್ಕ್ಲಿಯಿಂದ ಹೊರಬಂದ ೪.೨ ಬಿಎಸ್‌ಡಿ ವ್ಯವಸ್ಥೆಯು ‘ಸೆಟ್‌ಐಟೈಮರ್’ ಎಂಬ ಕರೆಯನ್ನು ಒದಗಿಸಿತು. ಇಲ್ಲಿ ಒಂದಕ್ಕೆ ಬದಲು ಮೂರು ಕಾಲಸೂಚಿಗಳು: ಹೊರಗಿನ ಕಾಲವನ್ನು ಅಳೆಯುವುದು ಒಂದು, ಪ್ರಕ್ರಿಯೆಯು ತಾನು ದುಡಿದ ಕಾಲವನ್ನು ಅಳೆಯುವುದು ಇನ್ನೊಂದು, ಅದರ ಪರವಾಗಿ ಕರ್ನಲ್ಲು ದುಡಿದುದನ್ನೂ ಸೇರಿಸಿ ಅಳೆಯುವುದು ಮೂರನೆಯದು. ಲೆಕ್ಕವು ಮೈಕ್ರೋಸೆಕೆಂಡಿನ ರೂಪದಲ್ಲಿತ್ತು. ಬಟ್ಟಲನ್ನು ಮತ್ತೆ ಮತ್ತೆ ತೇಲಿಬಿಡುವ ಕೆಲಸವನ್ನೂ ಕರ್ನಲ್ಲೇ ವಹಿಸಿಕೊಂಡಿತು. ಸಂಕೇತಗಳ ವ್ಯವಸ್ಥೆಯು ತಾನಾಗಿ ರದ್ದಾಗುವ ದೋಷವೂ ನಿವಾರಣೆಯಾಯಿತು. ಅದೇ ವ್ಯವಸ್ಥೆಯಲ್ಲಿ ಬಂದ ‘ಸೆಲೆಕ್ಟ್’ ಎಂಬ ಮತ್ತೊಂದು ಕರೆಯು ಕಾಲಸೂಚನೆಗಾಗಿ ಹುಟ್ಟಿದುದಲ್ಲವಾದರೂ ಮುಂದಿನ ಕಥೆಗೆ ಅದೇ ಮುಖ್ಯವೆಂಬುದನ್ನು ಆರನೆಯ ಭಾಗದಲ್ಲಿ ಕಾಣಬಹುದು.

೧೯೮೭ರಲ್ಲಿ ಜಾರ್ಜ್ ವರ್ಗೀಸ್ ಮತ್ತು ಟೋನಿ ಲಾಕ್ ಅವರು ಕರ್ನಲ್ಲಿನೊಳಗಣ ಪಟ್ಟಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ವರ್ಗೀಸರು ಮುಂಬಯಿಯ ಐಐಟಿಯಲ್ಲಿ ಓದಿದವರು. ಸಾವಿರಾರು ಗಡುವುಗಳನ್ನು ಸಾಲಾಗಿ ಜೋಡಿಸುವ ಬದಲು ಗಡಿಯಾರದ ಮುಖದಂತಹ ಚಕ್ರದ ಮನೆಗಳಲ್ಲಿ ಹಂಚಿ ಇಡಬೇಕೆಂಬುದು ಅವರ ಸೂಚನೆ. ಮುಳ್ಳು ಯಾವ ಮನೆಗೆ ಬಂದಿತೋ ಆ ಮನೆಯಲ್ಲಿರುವ ಗಡುವುಗಳನ್ನು ಮಾತ್ರ ನೋಡಿದರೆ ಸಾಕು. ಸೆಕೆಂಡು, ನಿಮಿಷ, ಗಂಟೆಗಳ ಮುಳ್ಳುಗಳಂತೆ ಚಕ್ರದ ಮೇಲೆ ಚಕ್ರವನ್ನಿಟ್ಟರೆ ದೂರದ ಗಡುವುಗಳಿಗೂ ಎಡೆಯುಂಟು. ಗಡುವನ್ನು ಸೇರಿಸುವುದೂ ತೆಗೆಯುವುದೂ ಒಂದೇ ಹೆಜ್ಜೆಯ ಕೆಲಸವಾಯಿತು. ಲಿನಕ್ಸ್ ಕರ್ನಲ್ಲು ಈ ಚಕ್ರವನ್ನು ಸ್ವೀಕರಿಸಿ, ೨೦೧೬ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಅದನ್ನು ಹೊಸದಾಗಿ ರಚಿಸಿದರೂ, ಮೂಲತತ್ತ್ವವನ್ನು ಇಂದಿಗೂ ಉಳಿಸಿಕೊಂಡಿದೆ.

೧೯೯೩ರ ಪೋಸಿಕ್ಸ್ ಕಾಲನಿಷ್ಠ ವಿಸ್ತರಣೆಯು ಮೂರನೆಯ ಘಟ್ಟ. ಇದರ ‘ಟೈಮರ್‌ಕ್ರಿಯೇಟ್’ ಕರೆಯಿಂದ ಒಂದು ಪ್ರಕ್ರಿಯೆಯು ಹಲವು ಕಾಲಸೂಚಿಗಳನ್ನು ಹೊಂದಬಹುದಾಯಿತು. ಪ್ರತಿಯೊಂದು ಸಂಕೇತದೊಡನೆಯೂ ಒಂದು ಗುರುತನ್ನು ಕಳುಹಿಸಬಹುದಾಯಿತು. ಬಾಬರನ ಜಾಗಟೆಗೆ ಜಾವದ ಏಟು ಸೇರಿದಂತೆ. ತಡವಾಗಿ ಎದ್ದವನಿಗೆ ‘ನೀನು ಇಷ್ಟು ಕರೆಗಳನ್ನು ತಪ್ಪಿಸಿಕೊಂಡೆ’ ಎಂದು ಹೇಳುವ ಲೆಕ್ಕವೂ ದೊರೆಯಿತು. ಸಂಕೇತವೇ ಬೇಡವೆಂದರೆ ಹೊಸ ಎಳೆಯೊಂದನ್ನು, ಎಂದರೆ ಥ್ರೆಡ್ಡನ್ನು, ಹುಟ್ಟಿಸಿ ಅದರಲ್ಲಿ ಮರುಕರೆಯನ್ನು ನಡೆಸುವ ಏರ್ಪಾಡೂ ಇತ್ತು. ಆದರೆ ಲಿನಕ್ಸಿನ ಪ್ರಚಲಿತ ಗ್ರಂಥಾಲಯವಾದ ಜಿಲಿಬ್‌ಸಿಯಲ್ಲಿ ಪ್ರತಿಯೊಂದು ಕರೆಗೂ ಒಂದು ಹೊಸ ಎಳೆ ಹುಟ್ಟಬೇಕು. ಹತ್ತು ಮಿಲಿಸೆಕೆಂಡಿಗೊಮ್ಮೆ ಬರುವ ಕರೆಗೆ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಬಳಸಲು ಅತ್ಯಂತ ಸುಲಭವಾಗಿ ಕಾಣುವ ಸಂಪರ್ಕಮುಖವು ಒಳಗೆ ಅತ್ಯಂತ ದುಬಾರಿಯಾಗಿರಬಹುದೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

೫

ಇದುವರೆಗೆ ಕರೆಯು ಹೇಗೆ ಬರುತ್ತದೆ ಎಂಬುದನ್ನು ನೋಡಿದೆವು. ಯಾವ ಗಡಿಯಾರದ ಪ್ರಕಾರ ಬರುತ್ತದೆ ಎಂಬುದು ಅದಕ್ಕಿಂತ ಗಹನವಾದ ಪ್ರಶ್ನೆ.

ಗೋಡೆಯ ಗಡಿಯಾರವು ಲೋಕವ್ಯವಹಾರಕ್ಕಾಗಿ ಇರುವುದು. ಲೋಕವು ಒಪ್ಪಿದಂತೆ ಅದನ್ನು ತಿದ್ದಲಾಗುತ್ತದೆ. ೧೯೦೬ರ ಜನವರಿ ೧ರಂದು ಭಾರತದಲ್ಲಿ ಜಾರಿಗೆ ಬಂದ ಪ್ರಮಾಣಕಾಲವು ೮೨.೫ ಅಂಶಗಳ ಪೂರ್ವರೇಖಾಂಶವನ್ನು ಆಧರಿಸಿದುದು. ಬೆಂಗಳೂರು ಅದಕ್ಕಿಂತ ಸುಮಾರು ೫ ಅಂಶ ಪಶ್ಚಿಮಕ್ಕಿರುವುದರಿಂದ ಇಲ್ಲಿನ ಸೂರ್ಯನ ಕಾಲವು ಸುಮಾರು ೨೦ ನಿಮಿಷ ಹಿಂದಿದೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರ ಸೆಪ್ಟೆಂಬರಿನಿಂದ ೧೯೪೫ರ ಅಕ್ಟೋಬರಿನವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಡಲಾಗಿತ್ತು. ಮುಳ್ಳನ್ನು ಮುಂದಕ್ಕೆ ತಳ್ಳಿದ ಆ ರಾತ್ರಿ ಎಂಟು ಗಂಟೆಯ ಪಾಳಿಯನ್ನು ಗೋಡೆಯ ಗಡಿಯಾರವನ್ನೇ ನಂಬಿ ಅಳೆದವನಿಗೆ ದೊರೆಯುತ್ತಿದ್ದುದು ಏಳೇ ಗಂಟೆಯ ದುಡಿಮೆ. ಗಳಿಗೆ ಬಟ್ಟಲಿಗೆ ಈ ಅಪಾಯವಿಲ್ಲ. ಸರ್ಕಾರದ ಆಜ್ಞೆಯಿಂದ ನೀರು ವೇಗವಾಗಿ ಹರಿಯುವುದಿಲ್ಲ.

ಗಣಕಗಳಲ್ಲಿಯೂ ಈ ಎರಡು ಬಗೆಯ ಗಡಿಯಾರಗಳುಂಟು: ತಿದ್ದುಪಡಿಗೆ ಒಳಗಾಗುವ ಗೋಡೆಯ ಗಡಿಯಾರ, ಮತ್ತು ಎಂದೂ ಹಿಂದಕ್ಕೆ ಹೋಗದ ಏಕಮುಖ ಗಡಿಯಾರ. ೨೦೧೨ರಲ್ಲಿ ಈ ಭೇದದ ಮಹತ್ತ್ವವು ಜಗತ್ತಿಗೆ ಮನದಟ್ಟಾಯಿತು. ಭೂಮಿಯ ಭ್ರಮಣವು ಪರಮಾಣು ಗಡಿಯಾರಕ್ಕಿಂತ ಹಿಂದೆ ಬೀಳುವುದನ್ನು ಸರಿಪಡಿಸಲು ಆಗಾಗ ಒಂದು ಅಧಿಕ ಸೆಕೆಂಡನ್ನು ಸೇರಿಸಲಾಗುತ್ತಿತ್ತು, ಪಂಚಾಂಗದ ಅಧಿಕಮಾಸದಂತೆ. ಆ ವರ್ಷದ ಅಧಿಕ ಸೆಕೆಂಡು ವಿಶ್ವಕಾಲದಲ್ಲಿ ಜೂನ್ ೩೦ರ ಕೊನೆಗೆ, ನಮ್ಮಲ್ಲಿ ಜುಲೈ ೧ರ ಭಾನುವಾರದ ಮುಂಜಾನೆ ೫ ಗಂಟೆ ೩೦ ನಿಮಿಷಕ್ಕೆ ತುಸು ಮುನ್ನ ಬಂದಿತು. ಲಿನಕ್ಸ್ ಕರ್ನಲ್ಲು ಗೋಡೆಯ ಗಡಿಯಾರವನ್ನು ಒಂದು ಸೆಕೆಂಡು ಹಿಂದಕ್ಕಿಟ್ಟಿತು. ಆದರೆ ಕಾಲಸೂಚಿಗಳ ವಿಭಾಗಕ್ಕೆ ಆ ಸುದ್ದಿಯನ್ನು ತಲುಪಿಸಲಿಲ್ಲ. ಪರಿಣಾಮವಾಗಿ ಗೋಡೆಯ ಗಡಿಯಾರವನ್ನು ಆಧರಿಸಿದ ಗಡುವುಗಳೆಲ್ಲ ಒಂದು ಸೆಕೆಂಡು ಮೊದಲೇ ತೀರತೊಡಗಿದವು. ಅರ್ಧ ಸೆಕೆಂಡು ಕಾಯಬೇಕೆಂದ ಪ್ರೋಗ್ರಾಮು ಒಡನೆಯೇ ಎಚ್ಚರಗೊಂಡು, ಮತ್ತೆ ಕಾಯಹೋಗಿ, ಮತ್ತೆ ಎಚ್ಚರಗೊಂಡು, ಬಿಡುವಿಲ್ಲದೆ ಸುತ್ತುತ್ತ ಯಂತ್ರದ ಶಕ್ತಿಯನ್ನೆಲ್ಲ ಹೀರಿತು. ರೆಡಿಟ್, ಲಿಂಕ್ಡ್‌ಇನ್, ಮೊಜಿಲ್ಲಾ ಮುಂತಾದ ಸಂಸ್ಥೆಗಳ ಸೇವೆಗಳು ಬಾಧೆಗೊಳಗಾದವು. ಪರಿಹಾರವು ಅತಿ ಸರಳವಾಗಿತ್ತು: ದಿನಾಂಕವನ್ನು ಇದ್ದಂತೆಯೇ ಮತ್ತೊಮ್ಮೆ ನಮೂದಿಸಿದರೆ ಸಾಕು, ಸುದ್ದಿಯು ಎಲ್ಲ ವಿಭಾಗಗಳಿಗೂ ತಲುಪುತ್ತಿತ್ತು.

ಏಕಮುಖ ಗಡಿಯಾರದ ತತ್ತ್ವವನ್ನು ಕಾಣಲು ನಮ್ಮ ಓದುಗರು ಹೆಚ್ಚು ದೂರ ಹೋಗಬೇಕಾಗಿಲ್ಲ. ಕೆಂಗೇರಿಯ ಆಚೆ ಬ್ಯಾಲಾಳುವಿನಲ್ಲಿ ೨೦೧೩ರ ಮೇ ೨೮ರಂದು ಆರಂಭವಾದ ಇಸ್ರೋ ಪಥದರ್ಶನ ಕೇಂದ್ರವಿದೆ. ಅಲ್ಲಿ ಪಾಲಿಸಲ್ಪಡುವ ನಾವಿಕ್ ವ್ಯವಸ್ಥೆಯ ಕಾಲವನ್ನು ೧೯೯೯ರ ಆಗಸ್ಟ್ ೨೨ರಿಂದ ಎಣಿಸಲಾಗುತ್ತದೆ. ಅದರಲ್ಲಿ ಅಧಿಕ ಸೆಕೆಂಡುಗಳಿಗೆ ಎಡೆಯಿಲ್ಲ. ಆದುದರಿಂದಲೇ ಅದು ವಿಶ್ವಕಾಲಕ್ಕಿಂತ ಈಗ ೧೮ ಸೆಕೆಂಡು ಮುಂದಿದೆ. ಉಪಗ್ರಹದ ಸಂದೇಶವು ಪಯಣಿಸಿದ ಕಾಲವನ್ನು ಅಳೆಯಬೇಕಾದವರಿಗೆ ನೆಗೆಯುವ ಗಡಿಯಾರವು ಸಲ್ಲದು. ಅದನ್ನು ನಾಗರಿಕಕಾಲಕ್ಕೆ ಹೊಂದಿಸುವ ಕೆಲಸವು ಕಟ್ಟಕಡೆಗೆ, ಮನುಷ್ಯನಿಗೆ ತೋರಿಸುವಾಗ, ನಡೆದರೆ ಸಾಕು. ೨೦೩೫ರೊಳಗೆ ಅಧಿಕ ಸೆಕೆಂಡಿನ ಪದ್ಧತಿಯನ್ನೇ ಕೈಬಿಡಬೇಕೆಂದು ೨೦೨೨ರ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವು ನಿರ್ಣಯಿಸಿದೆ. ಆದರೂ ಗಡಿಯಾರವನ್ನು ಕೈಯಿಂದ ತಿದ್ದುವವರು ಇರುವವರೆಗೆ ಈ ಭೇದವು ಉಳಿದೇ ಇರುತ್ತದೆ.

೬

ಸಂಕೇತವು ಬಂದು ನಡುವೆ ತಡೆಯುವ ಬದಲು, ಪ್ರೋಗ್ರಾಮು ತಾನೇ ಬಿಡುವಿನಲ್ಲಿ ಬಂದು ‘ನನಗೇನಾದರೂ ಕರೆಯಿದೆಯೇ?’ ಎಂದು ಕೇಳುವ ಪದ್ಧತಿಯು ಕ್ರಮೇಣ ಪ್ರಬಲವಾಯಿತು. ಹಿಂದೆ ಹೇಳಿದ ‘ಸೆಲೆಕ್ಟ್’ ಕರೆಯು ಹಲವು ಸಂಪರ್ಕಗಳನ್ನು ಏಕಕಾಲದಲ್ಲಿ ಗಮನಿಸುತ್ತ, ಕೊಟ್ಟ ಅವಧಿ ತೀರಿದರೂ ಮರಳುತ್ತಿತ್ತು. ಸಾವಿರ ಗಡುವುಗಳಿದ್ದರೂ ಅವುಗಳಲ್ಲಿ ಅತ್ಯಂತ ಸಮೀಪದ ಒಂದನ್ನೇ ಈ ಕರೆಗೆ ಅವಧಿಯಾಗಿ ಕೊಟ್ಟು, ಉಳಿದವನ್ನು ಪ್ರೋಗ್ರಾಮು ತನ್ನಲ್ಲೇ ವಿಂಗಡಿಸಿ ಇಟ್ಟುಕೊಳ್ಳಬಹುದೆಂಬುದನ್ನು ಜನ ಕಂಡುಕೊಂಡರು. ಈಗಿನ ಎಂಜಿನ್‌ಎಕ್ಸ್, ಲಿಬ್‌ಯುವಿ ಮೊದಲಾದವು ನಡೆಯುತ್ತಿರುವುದು ಈ ಕ್ರಮದಲ್ಲಿಯೇ. ಸಾವಿರಾರು ಗಡುವುಗಳಿಗೆ ಕರ್ನಲ್ಲಿನಲ್ಲಿ ಒಂದೇ ನಿರೀಕ್ಷೆ. ಸಂಕೇತವು ತಪ್ಪದೆ ಬರುವ ಕಡೆಗಳಲ್ಲಿಯೂ ಡಿ. ಜೆ. ಬರ್ನ್‌ಸ್ಟೈನ್ ಸೂಚಿಸಿದ ಉಪಾಯವು ಪ್ರಸಿದ್ಧವಾಯಿತು: ಸಂಕೇತ ಬಂದಾಗ ತನಗೆ ತಾನೇ ಒಂದು ಅಕ್ಷರವನ್ನು ಕೊಳವೆಯ ಮೂಲಕ ಬರೆದುಕೊಂಡು, ಬಿಡುವಾದಾಗ ಅದನ್ನು ಓದುವುದು.

ಈ ಉಪಾಯವನ್ನು ಕರ್ನಲ್ಲೇ ಅಂಗೀಕರಿಸಿದುದರ ಫಲವೆನ್ನಬಹುದಾದುದು ಲಿನಕ್ಸಿನ ‘ಟೈಮರ್‌ಎಫ್‌ಡಿ’. ಡೇವಿಡ್ ಲಿಬೆಂಜಿಯವರು ರಚಿಸಿದ ಇದು ೨೦೦೭ರ ಜುಲೈನಲ್ಲಿ ೨.೬.೨೨ನೆಯ ಆವೃತ್ತಿಯಲ್ಲಿ ಬಂದಿತು. ಆದರೆ ಅದರ ಮೊದಲ ರೂಪದಲ್ಲಿ ಹಳೆಯ ಸಂಪರ್ಕಮುಖಗಳಲ್ಲಿದ್ದ ಕೆಲವು ಅನುಕೂಲಗಳು ಇರಲಿಲ್ಲ. ಕೈಪಿಡಿಯನ್ನು ಬರೆಯಹೊರಟ ಮೈಕೇಲ್ ಕೆರಿಸ್ಕ್ ಅವರು ಈ ಕೊರತೆಯನ್ನು ಎತ್ತಿ ತೋರಿದರು. ೨೦೦೮ರ ೨.೬.೨೫ನೆಯ ಆವೃತ್ತಿಯಲ್ಲಿ ಇಂದಿನ ರೂಪವು ಸ್ಥಿರವಾಯಿತು. ದಾಖಲೆಯನ್ನು ಬರೆಯುವ ಕೆಲಸವೇ ವಿನ್ಯಾಸದ ಪರೀಕ್ಷೆಯೂ ಆಗಬಲ್ಲುದೆಂಬುದಕ್ಕೆ ಇದು ಉತ್ತಮ ನಿದರ್ಶನ. ಇಲ್ಲಿ ಕಾಲಸೂಚಿಯು ಒಂದು ಕಡತದಂತೆ ವರ್ತಿಸುತ್ತದೆ. ಗಡುವು ತೀರಿದಾಗ ಅದು ಓದಲು ಸಿದ್ಧವಾಗುತ್ತದೆ. ಓದಿದರೆ ಎಷ್ಟು ಸಲ ತೀರಿತೆಂಬ ಸಂಖ್ಯೆ ಸಿಗುತ್ತದೆ. ಸೈರನ್ನು ಹೋಗಿ ಮೇಜಿನ ಮೇಲಣ ಚೀಟಿ ಬಂದಿತು.

ಹಾಗಾದರೆ ಪ್ರತಿಯೊಂದು ಕಾಯುವಿಕೆಗೂ ಇಂತಹ ಕಡತವೊಂದನ್ನು ತೆರೆಯಬೇಕೇ? ಇಲ್ಲಿಯೇ ಈ ಲೇಖನದ ಶೀರ್ಷಿಕೆಯ ಎರಡು ಪದಗಳು ನಮಗೆ ನೆರವಾಗುತ್ತವೆ. ೨೦೦೬ರಲ್ಲಿ ಗ್ಲೈಕ್ಸ್‌ನರ್ ಮತ್ತು ಇಂಗೋ ಮೋಲ್ನಾರ್ ಅವರು ಸೂಕ್ಷ್ಮ ಕಾಲಸೂಚಿಗಳನ್ನು ಲಿನಕ್ಸಿಗೆ ಸೇರಿಸಿದಾಗ ಒಂದು ಭೇದವನ್ನು ಸ್ಪಷ್ಟವಾಗಿ ಮುಂದಿಟ್ಟರು. ಕೆಲವು ಕಾಲಸೂಚಿಗಳು ತೀರಲೆಂದೇ ಹೂಡಲ್ಪಟ್ಟವು. ಸಂಗೀತವನ್ನು ನುಡಿಸುವ ಪ್ರೋಗ್ರಾಮಿನ ತಾಳದಂತೆ. ಇವನ್ನು ನಾವು ‘ಗಳಿಗೆ’ ಎನ್ನಬಹುದು. ಇನ್ನು ಕೆಲವು ತೀರಬಾರದೆಂದೇ ಹೂಡಲ್ಪಟ್ಟವು. ಮೂವತ್ತು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಸಂಪರ್ಕವನ್ನು ಕಡಿ ಎಂಬಂತಹವು. ಸಾಲದ ಗಡುವಿನಂತೆ ಇವು ಸಾಮಾನ್ಯವಾಗಿ ಅವಧಿಗೆ ಮೊದಲೇ ಇತ್ಯರ್ಥವಾಗಿ ರದ್ದಾಗುತ್ತವೆ. ಇವು ‘ಗಡುವು’. ಗಳಿಗೆಗೆ ನಿಖರತೆ ಮುಖ್ಯ; ಗಡುವಿಗೆ ಸುಲಭವಾಗಿ ಹೂಡುವುದು, ಸುಲಭವಾಗಿ ರದ್ದುಗೊಳಿಸುವುದು ಮುಖ್ಯ. ಗಳಿಗೆಗಳನ್ನು ಕಾಲಾನುಕ್ರಮದ ವೃಕ್ಷದಲ್ಲಿ, ಗಡುವುಗಳನ್ನು ಹಳೆಯ ಚಕ್ರದಲ್ಲಿ ಇಡುವ ವ್ಯವಸ್ಥೆಯು ಅಂದಿನಿಂದ ನಡೆದುಬಂದಿದೆ.

೭

ಇನ್ನು ಉಳಿದದ್ದು ಕೊನೆಯ ಪ್ರಶ್ನೆ: ಈ ಕರೆಗಾಗಿ ಯಾರ ನಿದ್ರೆ ಕೆಡಬೇಕು? ಇದರ ಉತ್ತರದಲ್ಲಿ ಬೆಂಗಳೂರಿಗೆ ನೇರವಾದ ಪಾಲಿದೆ.

೨೦೦೧ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಅಭಿಯಂತರರೂ ಸೇರಿ ರೂಪಿಸಿದ ಸಿಂಪ್ಯೂಟರ್ ಲಿನಕ್ಸಿನ ಮೇಲೆ ನಡೆಯುವ, ಅಂಗೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯ ಯಂತ್ರವಾಗಿತ್ತು. ಅಂತಹ ಯಂತ್ರಗಳ ಅಂದಿನ ಲಿನಕ್ಸ್, ಮಾಡಲು ಕೆಲಸವಿರಲಿ ಇಲ್ಲದಿರಲಿ, ಸೆಕೆಂಡಿಗೆ ೧೦೦ ಸಲ ಮಿಡಿಯುತ್ತಿತ್ತು. ಬಡವನ ಕೈಗೆ ಗಣಕವನ್ನು ಕೊಡಬೇಕೆಂಬ ಆಶಯದ ಯಂತ್ರದಲ್ಲಿ ನಿಷ್ಪ್ರಯೋಜಕವಾದ ಪ್ರತಿಯೊಂದು ಎಚ್ಚರವೂ ಬ್ಯಾಟರಿಯ ನಷ್ಟವೇ. ೨೦೦೭ರ ೨.೬.೨೧ನೆಯ ಆವೃತ್ತಿಯಲ್ಲಿ ಬಿಡುವಿನಲ್ಲಿರುವ ಸಂಸ್ಕಾರಕಕ್ಕೆ ಮಿಡಿತವನ್ನೇ ನಿಲ್ಲಿಸಿ, ಮುಂದಿನ ಗಡುವಿನವರೆಗೆ ಮಲಗಲು ಬಿಡುವ ಕ್ರಮವು ಬಂದಿತು. ೨೦೦೮ರಲ್ಲಿ ಬಂದ ‘ಸಡಿಲ’ದ ಏರ್ಪಾಡಿನಿಂದ ಸಮೀಪದ ಎಚ್ಚರಗಳನ್ನು ಒಂದುಗೂಡಿಸಬಹುದಾಯಿತು, ಸಾಮಾನ್ಯ ಪ್ರೋಗ್ರಾಮುಗಳಿಗೆ ಈ ಸಡಿಲವು ೫೦ ಮೈಕ್ರೋಸೆಕೆಂಡು.

ಆದರೆ ಬಹುಸಂಸ್ಕಾರಕಗಳ ಯಂತ್ರದಲ್ಲಿ ಹೊಸದೊಂದು ತೊಡಕು ಕಂಡಿತು. ಒಂದು ಸಂಸ್ಕಾರಕದ ಮೇಲೆ ಹೂಡಿದ ಗಡುವು ಅಲ್ಲಿಯೇ ತೀರುತ್ತಿತ್ತು. ಪಕ್ಕದ ಸಂಸ್ಕಾರಕವು ಎಚ್ಚರವಾಗಿ ದುಡಿಯುತ್ತಿದ್ದರೂ ಮಲಗಿದ್ದುದನ್ನೇ ಎಬ್ಬಿಸಬೇಕಾಗುತ್ತಿತ್ತು. ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿ ಈ ಪ್ರಶ್ನೆಯ ಮೇಲೆ ಕೆಲಸ ನಡೆಯಿತು. ಲಿನಕ್ಸಿನ ಅಸಮಕಾಲಿಕ ಓದು-ಬರಹದ ಕುರಿತು ೨೦೦೩ರಲ್ಲಿ ಒಟ್ಟಾವದ ಸಮ್ಮೇಳನದಲ್ಲಿ ಸುಪರ್ಣ ಭಟ್ಟಾಚಾರ್ಯ ಅವರೂ ಸಂಗಡಿಗರೂ ಮಂಡಿಸಿದ ಪ್ರಬಂಧದ ಹಿಂದೆಯೂ ಇದೇ ಕೇಂದ್ರದ ಶ್ರಮವಿದೆ. ಅಲ್ಲಿಯ ಅಭಿಯಂತರರು ೨೦೦೯ರಲ್ಲಿ ಮುಂದಿಟ್ಟ ಪರಿಹಾರವು ೨.೬.೩೧ನೆಯ ಆವೃತ್ತಿಯಲ್ಲಿ ಸೇರಿತು. ಒಂದೇ ಸಂಸ್ಕಾರಕಕ್ಕೆ ಬದ್ಧವಾಗಿರಲೇಬೇಕಾದ ಕಾಲಸೂಚಿಗಳನ್ನು ಗುರುತುಮಾಡಿ ಬೇರ್ಪಡಿಸುವುದು. ಉಳಿದವನ್ನು, ಹೂಡುತ್ತಿರುವ ಸಂಸ್ಕಾರಕವು ಬಿಡುವಾಗಿದ್ದರೆ, ದುಡಿಯುತ್ತಿರುವ ಇನ್ನೊಂದಕ್ಕೆ ವಲಸೆ ಕಳುಹಿಸುವುದು. ಮಲಗಿದವನನ್ನು ಎಬ್ಬಿಸದೆ ಎಚ್ಚರವಾಗಿದ್ದವನಿಗೇ ಕೆಲಸವನ್ನು ಒಪ್ಪಿಸಬೇಕೆಂಬ ಗೃಹಸ್ಥನ ವಿವೇಕವೇ ಇದು.

ಈ ಪರಿಹಾರದಲ್ಲಿಯೂ ಒಂದು ಊಹೆ ಅಡಗಿತ್ತು. ಹೂಡುವ ಸಮಯದಲ್ಲಿ ದುಡಿಯುತ್ತಿರುವವನು ತೀರುವ ಸಮಯದಲ್ಲಿಯೂ ದುಡಿಯುತ್ತಿರುತ್ತಾನೆಂದು ಹೇಳುವುದು ಹೇಗೆ? ಅದಲ್ಲದೆ ಬಹುಪಾಲು ಗಡುವುಗಳು ತೀರದೆಯೇ ರದ್ದಾಗುವುದರಿಂದ ಅವುಗಳ ವಲಸೆಯ ಶ್ರಮವು ವ್ಯರ್ಥ. ೨೦೨೪ರ ೬.೯ನೆಯ ಆವೃತ್ತಿಯಲ್ಲಿ ಕ್ರಮವು ತಿರುಗುಮುರುಗಾಯಿತು. ಗಡುವನ್ನು ಹೂಡಿದಲ್ಲಿಯೇ ಬಿಟ್ಟು, ಅದು ತೀರುವ ಹೊತ್ತಿಗೆ ಎಚ್ಚರವಾಗಿರುವ ಸಂಸ್ಕಾರಕವು ಅದನ್ನು ತನ್ನತ್ತ ಸೆಳೆದುಕೊಳ್ಳುವುದು ಈಗಿನ ಪದ್ಧತಿ. ಇದರಿಂದ ಬೆಂಗಳೂರಿನ ಕೆಲಸದ ಬೆಲೆ ಕುಂದುವುದಿಲ್ಲ. ‘ಯಾರನ್ನು ಎಬ್ಬಿಸಬೇಕು’ ಎಂಬ ಪ್ರಶ್ನೆಗೆ ಕರ್ನಲ್ಲಿನಲ್ಲಿ ಒಂದು ಸ್ಥಾನ ದೊರೆತದ್ದು ಅದರಿಂದ. ಹದಿನೈದು ವರ್ಷಗಳ ಅನುಭವದ ಮೇಲೆ ಬಂದುದು ಅದೇ ಪ್ರಶ್ನೆಗೆ ಬೇರೊಂದು ಉತ್ತರ.

೮

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು. ಕಳೆದ ಕಾಲವನ್ನು ಅಳೆಯಬೇಕಾದರೆ ಏಕಮುಖ ಗಡಿಯಾರವನ್ನೂ, ನಾಳೆ ಬೆಳಗಿನ ಆರು ಗಂಟೆಯಂತಹ ನಾಗರಿಕ ವೇಳೆಯನ್ನು ಕಾಯಬೇಕಾದರೆ ಮಾತ್ರ ಗೋಡೆಯ ಗಡಿಯಾರವನ್ನೂ ಆರಿಸಬೇಕು. ಯಂತ್ರವು ಮಲಗಿದ್ದ ಕಾಲವೂ ಎಣಿಕೆಗೆ ಸೇರಬೇಕೆಂದರೆ ಅದಕ್ಕೆ ಲಿನಕ್ಸಿನಲ್ಲಿ ಪ್ರತ್ಯೇಕ ಗಡಿಯಾರವುಂಟು. ರದ್ದಾಗುವುದೇ ಹೆಚ್ಚಾದ ಗಡುವುಗಳನ್ನು ಪ್ರೋಗ್ರಾಮು ತನ್ನಲ್ಲಿಯೇ ವಿಂಗಡಿಸಿಟ್ಟು ಕರ್ನಲ್ಲಿಗೆ ಒಂದೇ ನಿರೀಕ್ಷೆಯನ್ನು ಒಪ್ಪಿಸಬೇಕು. ತಪ್ಪದೆ ನಡೆಯಬೇಕಾದ ಗಳಿಗೆಗಳಿಗೆ ‘ಟೈಮರ್‌ಎಫ್‌ಡಿ’ಯಂತಹ, ಓದಿ ತಿಳಿಯುವ ಸಾಧನವನ್ನು ಬಳಸಬೇಕು. ಸಂಕೇತವನ್ನು, ಬೇರೆ ದಾರಿಯಿಲ್ಲದಾಗ, ಕೇವಲ ಒಂದು ಗುರುತನ್ನು ಬಿಟ್ಟುಹೋಗುವಷ್ಟಕ್ಕೆ ಮಿತಿಗೊಳಿಸಬೇಕು. ಬೇಕಾದುದಕ್ಕಿಂತ ಹೆಚ್ಚಿನ ನಿಖರತೆಯನ್ನು ಬೇಡಬಾರದು. ಆ ಬೇಡಿಕೆಯ ಬೆಲೆಯನ್ನು ಬೇರೊಬ್ಬರು ತೆರುತ್ತಿರುತ್ತಾರೆ.

ನಮ್ಮ ಪಾಠಕ್ರಮಗಳಲ್ಲಿ ‘ಅಲಾರ್ಮ್’ ಮತ್ತು ಸಂಕೇತಗಳನ್ನು ಬೋಧಿಸುವುದು ತಪ್ಪಲ್ಲ. ಅವುಗಳನ್ನು ಚರಿತ್ರೆಯಿಂದ ಬಿಡಿಸಿ ಇಂದಿನ ಆದರ್ಶವೆಂಬಂತೆ ಬೋಧಿಸುವುದು ತಪ್ಪು. ಪ್ರತಿಯೊಂದು ಸಂಪರ್ಕಮುಖವೂ ಹಿಂದಿನದರ ಒಂದು ಕೊರತೆಗೆ ಉತ್ತರವಾಗಿ ಹುಟ್ಟಿದುದು. ಆ ಕೊರತೆಯನ್ನು ಅರಿಯದ ವಿದ್ಯಾರ್ಥಿಗೆ ಹತ್ತು ಹೆಸರುಗಳ ಪಟ್ಟಿಯೊಂದು ದೊರೆಯುತ್ತದೆಯೇ ವಿನಾ ಆರಿಸುವ ಶಕ್ತಿಯು ದೊರೆಯುವುದಿಲ್ಲ. ಗಳಿಗೆ ಬಟ್ಟಲಿನ ಪಕ್ಕದಲ್ಲಿ ಕುಳಿತವನು ಯಾರು, ಅವನು ಎಷ್ಟು ಹೊತ್ತು ಎಚ್ಚರವಾಗಿರಬೇಕು, ಅವನ ಜಾಗಟೆಯಿಂದ ಯಾರು ಯಾರು ಏಳುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಮುಂದುವರಿದರೆ ಆಯ್ಕೆಯು ಬಹುಮಟ್ಟಿಗೆ ತಾನಾಗಿಯೇ ಸ್ಪಷ್ಟವಾಗುತ್ತದೆ.